ಒಂಬತ್ತನೇ ನೆಲಮಾಳಿಗೆಯ ಹಾಳೆ

ಪೀಪಾಯಿಯ ಮುಚ್ಚಳ ತೆಗೆದ ಕೂಡಲೇ ಬೈಂಡಿಂಗ್ ಅಕ್ಕ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

ಹನ್ನೆರಡು ದಿನದ ಹಳೆಯ ಮೈದಾ ಅಂಟು. ಕೆನೆಗಟ್ಟಿ, ಹುಳಿತು, ಅಂಚಿಗೆಲ್ಲ ಹಸಿರು ಬೂಸ್ಟು ಹಿಡಿದಿತ್ತು. ಬೆಳಿಗ್ಗೆ ಬಂದವಳೇ ಚರಂಡಿಗೆ ಚೆಲ್ಲಬೇಕೆಂದಿದ್ದ ಆ ಕೊಳಕಿನೊಳಗಿಂದ ಕಾಗದದ ಮೂಲೆಯೊಂದು ತಲೆ ಎತ್ತಿತ್ತು. ಮೂಲೆಯಲ್ಲಿ ಪೆನ್ಸಿಲ್ಲಿನ ಚಿಕ್ಕ ಅಂಕೆ — ೮೭. ಅಂಕೆ ಅವಳದೇ ಕೈಯದು.

ಅಕ್ಕ ತಿರುಗಿ ಮೇಜು ನೋಡಿದಳು. ನಿನ್ನೆ ಸಂಜೆ ಹಲಗೆಯ ಕೆಳಗಿಟ್ಟು, ಮೇಲೆ ಭಾರ ಹೇರಿ ಹೋಗಿದ್ದ ಇನ್ನೂರ ನಲವತ್ತು ಹಾಳೆ? ಒಂದೂ ಇಲ್ಲ.

ಆ ಹಾಳೆಗಳು ಒಂದು ಆಟದ್ದು. ಹಲಗೆ ಇಲ್ಲ, ಕಾಯಿ ಇಲ್ಲ. ಮೇಜಿನ ಸುತ್ತ ನಾಲ್ಕೈದು ಜನ ಕೂರುತ್ತಾರೆ. ಒಬ್ಬ ಕಥೆ ನಡೆಸುತ್ತಾನೆ; ಉಳಿದವರು ಕಳ್ಳನೋ ವೈದ್ಯನೋ ಸೈನಿಕನೋ ಆಗಿ, 'ನಾನು ಬಾಗಿಲು ತಳ್ಳುತ್ತೇನೆ' ಎನ್ನುತ್ತಾರೆ. ಬಾಗಿಲು ತೆರೆಯಿತೋ ಇಲ್ಲವೋ ಎಂದು ದಾಳ ಹೇಳುತ್ತದೆ. ಮೀಸೆ ಬಂದ ಗಂಡಸರು, ಮಕ್ಕಳಿರುವ ಹೆಂಗಸರು ಇಡೀ ಭಾನುವಾರ ಹೀಗೆ ಕಳೆಯುತ್ತಾರೆ ಎಂದರೆ ಅಕ್ಕನಿಗೆ ಈಗಲೂ ನಂಬಿಕೆಯಿಲ್ಲ. ಆದರೂ ಕೆಲಸ ಕೆಲಸವೇ.

ಆಟ ಕಟ್ಟಿದವರು ಒಬ್ಬ ಹಳೆಯ ಡ್ರಾಯಿಂಗ್ ಮೇಷ್ಟರು. ಆಟದ ಹೆಸರು 'ಒಂಬತ್ತು ನೆಲಮಾಳಿಗೆ'. ಮೂರು ದಪ್ಪ ಲೆಡ್ಜರ್ ಪುಸ್ತಕಗಳಲ್ಲಿ ಕೈಯಾರೆ ಬರೆದದ್ದು. ಬೇರೆ ಪ್ರತಿ ಇಲ್ಲ. ಆಟದ ಹುಚ್ಚಿನವರು ಪ್ರತಿ ವರ್ಷ 'ಅಚ್ಚಾಗಬೇಕಾದವು' ಎಂದು ಪಟ್ಟಿ ಮಾಡುತ್ತಿದ್ದರು. ಬಟ್ಟೆಯ ಮೇಲೆ ಅಚ್ಚು ಹಾಕಿದ ನಕ್ಷೆ ಬೇಕು, ನೀರಿನ ಭೂತಗಳದ್ದೇ ಒಂದು ಪುಸ್ತಕ ಬೇಕು, ಮಕ್ಕಳಿಗೆಂದು ತೆಳ್ಳಗಿನದೊಂದು ಬೇಕು. ಹತ್ತೊಂಬತ್ತು ವರ್ಷವೂ ಪಟ್ಟಿಯ ತಲೆಯಲ್ಲಿ ಮಾತ್ರ ಇದೇ. ಕೊನೆಗೂ ದಾಳದಂಗಡಿಯ ಮಾಲೀಕ ಪುಸ್ತಕ ತರಲು ಒಪ್ಪಿದ್ದ. ಹೊಲಿಗೆ ಬಿಚ್ಚಿ ಹಾಳೆ ಬಿಡಿಸಿಕೊಡುವುದು ಅಕ್ಕನ ಪಾಲಿನ ಕೆಲಸ. ಅಚ್ಚಿಗಾಗಿ ಹಾಳೆಗಳ ಫೋಟೊ ತೆಗೆಯುವವರು ಇವತ್ತು ಬರುವವರಿದ್ದರು.

ಮೇಷ್ಟರಿಗೆ ಎಂಬತ್ತೆರಡು. ಕೈ ನಡುಗುತ್ತದೆ, ಕಣ್ಣು ಮಂಜು. ಇನ್ನೊಮ್ಮೆ ಬರೆಯುವ ಮಾತೇ ಇಲ್ಲ. ಹಾಳೆ ಹೋದರೆ ಆ ಮುದುಕರ ಆಯುಸ್ಸೇ ಹೋದ ಹಾಗೆ. ಅಕ್ಕನ ಮೂವತ್ತು ವರ್ಷದ ಹೆಸರೂ ಜೊತೆಗೇ ಚರಂಡಿಗೆ.

ಅದನ್ನು ನೋಡಲೆಂದು ಷಟರಿನ ಆಚೆ ಆಗಲೇ ಆಟದ ಹುಚ್ಚಿನವರು ನಲವತ್ತು ಜನ ಸೇರಿದ್ದರು. ಅಕ್ಕ ಷಟರನ್ನು ಮೊಣಕಾಲೆತ್ತರ ಎತ್ತಿ, ಬೇಕಾದವರನ್ನಷ್ಟೇ ಒಳಗೆ ಕರೆದುಕೊಂಡಳು: ದಾಳದಂಗಡಿಯವ, ಮೇಷ್ಟರು, ಅವರ ಕೈ ಹಿಡಿದ ಅಳಿಯ, ಮತ್ತೆ 'ಅಧ್ಯಕ್ಷ'. ಅವನನ್ನು ಯಾರೂ ಆರಿಸಿರಲಿಲ್ಲ. 'ಪುಸ್ತಕ ತನ್ನಿ, ಪುಸ್ತಕ ತನ್ನಿ' ಎಂದು ಹತ್ತೊಂಬತ್ತು ವರ್ಷ ಎಲ್ಲರಿಗಿಂತ ಜೋರಾಗಿ ಕೂಗಿದ್ದಕ್ಕೆ ಅಂಟಿಕೊಂಡ ಹೆಸರು.

ಪೀಪಾಯಿ ನೋಡಿ ಅಂಗಡಿಯವ ಎರಡು ಹೆಜ್ಜೆ ಹಿಂದೆ ಸರಿದ.

"ಪೀಪಾಯಿ ನಿಮ್ದು. ಹೊಣೆನೂ ನಿಮ್ದೇ ಅಕ್ಕಾ, ಈಗ್ಲೇ ಹೇಳ್ಬಿಟ್ಟಿದೀನಿ."

"ಮೊದಲ ಮಾತೇ ಇದಾ? ಭೇಷ್."

ಅಳಿಯ ಮೂಗು ಮುರಿದ. "ಮಾವನ ಹುಚ್ಚಾಟಕ್ಕೆ ಇದೇ ಸರಿಯಾದ ಜಾಗ ಬಿಡಿ. ಪೊಲೀಸರಿಗೆ ಹೇಳಿ, ನಾವು ಹೊರಡ್ತೀವಿ."

"ಏನಂತ ಹೇಳ್ಲಿ? ಆಟ ಅಂಟಿಗೆ ಬಿತ್ತು ಅಂತಾನಾ? ಸುಮ್ನೆ ನಿಂತ್ಕೊಳ್ಳಿ!"

ಅಷ್ಟರಲ್ಲಿ ಅಧ್ಯಕ್ಷ "ಅಯ್ಯೋ!" ಎಂದು ಮುನ್ನುಗ್ಗಿದ. ಎಡಗೈಯಲ್ಲಿ ಕರವಸ್ತ್ರ ಹಿಡಿದು ಮೂಗು ಒತ್ತಿಕೊಂಡ. ಅವನ ಅಗಲ ಗಡಿಯಾರ ಗಲ್ಲಕ್ಕೆ ತಾಗುತ್ತಿತ್ತು. ಬಲಗೈಯನ್ನು ಮೊಣಕೈವರೆಗೆ ಆ ಲೋಳೆಗೆ ಇಳಿಬಿಟ್ಟು ಹಾಳೆಗಳ ಮುದ್ದೆಯೊಂದನ್ನು ಎತ್ತಿದ. ಕಣ್ಣಲ್ಲಿ ನೀರು ಧಾರಾಕಾರ.

"ಹತ್ತೊಂಬತ್ತು ವರ್ಷ ಅಕ್ಕಾ! ಇದಕ್ಕೋಸ್ಕರ ಮದುವೆ ಕೂಡ ಆಗ್ಲಿಲ್ಲ ನಾನು!"

"ಅದಕ್ಕೂ ಇದಕ್ಕೂ ಏನಯ್ಯಾ ಸಂಬಂಧ? ಅದನ್ನ ಕೆಳಗಿಡು, ಹರೀತೀಯ."

ಮೇಷ್ಟರು ಮಾತ್ರ ಸ್ಟೂಲಿನ ಮೇಲೆ ಕೂತು, ಆ ನಾತ ಬರುವ ಕಡೆಗೆ ಮುಖ ಮಾಡಿದರು. ಅದನ್ನು ನೋಡಿ ಅಕ್ಕನ ಮೈಯೆಲ್ಲ ಉರಿಯಿತು.

ಹಿಂದಿನ ಬಾಗಿಲಿನ ಚಿಲಕ ತೆರೆದಿತ್ತು, ಮುರಿದಿರಲಿಲ್ಲ. ಸಂದಿಯಲ್ಲಿ ಅಡಿಕೋಲು ತೂರಿಸಿ ಎತ್ತಿದರೆ ಅದು ಬಿಚ್ಚಿಕೊಳ್ಳುತ್ತದೆ. ನಿನ್ನೆ ಬೀಗದ ಕೈ ಒಳಗೇ ಮರೆತು, ಅಕ್ಕ ಹಾಗೆ ತೆಗೆಯುವಾಗ ಪಕ್ಕದಲ್ಲಿ ನಿಂತು ನೋಡಿದವರು ಈ ಮೂವರೇ. ಪುಸ್ತಕ ತಂದ ಅಂಗಡಿಯವ. ರಸೀತಿ ಕೇಳಲು ಬಂದ ಅಳಿಯ. 'ಒಂದು ಸಲ ಮುಟ್ಟಿ ನೋಡ್ತೀನಿ' ಎಂದು ಬಂದ ಅಧ್ಯಕ್ಷ.

ಮೂವರಲ್ಲಿ ಒಬ್ಬ. ಯಾರು?

ಅಕ್ಕ ಸೆರಗು ಸಿಕ್ಕಿಸಿ ಮುದ್ದೆಯನ್ನು ನಲ್ಲಿಯ ಕೆಳಗೆ ಹಿಡಿದಳು. ಮೇಲಿನ ಹಾಳೆ ಬಿಟ್ಟುಕೊಂಡಿತು. ಲೋಳೆ ಹೋಯಿತು. ಅಕ್ಷರ ನಿಂತಿತ್ತು!

"ಬಾಲ್ ಪೆನ್ನಲ್ಲಿ ಬರೆದಿದೀರಾ ಮೇಷ್ಟ್ರೇ?"

"ಹೌದು ತಾಯಿ. ಶಾಯಿ ಪೆನ್ನು ಹಿಡಿದ್ರೆ ಚೆಲ್ಲಿಬಿಡ್ತಿದ್ದೆ."

"ಬದುಕಿದ್ರಿ. ಇದು ನೀರಿಗೆ ಜಗ್ಗೋದಲ್ಲ. ಹಾಳೆಯೂ ಲೆಡ್ಜರಿಂದು, ಗಟ್ಟಿ ಇದೆ."

ಅಂಗಡಿಯವನ ಮುಖ ಅರಳಿತು. ಅಳಿಯ ಗಡಿಬಿಡಿಯಲ್ಲಿ ಮಾವನ ಭುಜ ಹಿಡಿದ. ಅಧ್ಯಕ್ಷ ಅಳು ನಿಲ್ಲಿಸಿದ.

ಅಕ್ಕ ಮೂರು ಹಾಳೆಗಳನ್ನು ಪೂರ್ತಿ ತೊಳೆದು ಹಗ್ಗಕ್ಕೆ ಹಾಕಿದಳು. ಉಳಿದವನ್ನು ಬಿಡಿಸಿ, ಮೂಲೆ ಮಾತ್ರ ಒದ್ದೆ ಹತ್ತಿಯಲ್ಲಿ ಒರೆಸಿ ಅಂಕೆ ನೋಡಿದಳು. ಹೊಲಿಗೆ ಬಿಚ್ಚುವ ಮೊದಲು ಪ್ರತಿ ಹಾಳೆಗೂ ಅಂಕೆ ಹಾಕುವುದು ಅವಳ ಅಪ್ಪನ ಕಾಲದಿಂದ ಬಂದ ಕ್ರಮ. ಒಂದು ಗಂಟೆ ಹಿಡಿಯಿತು. ಕೈ ನಾತ, ಮೂಗು ನಾತ, ನಾಲಿಗೆಯ ಮೇಲೂ ಅದೇ ಹುಳಿ. ಇನ್ನೂರ ಒಂಬತ್ತು ಸಿಕ್ಕವು. ಮೂವತ್ತೊಂದು ಇಲ್ಲ.

"ಪೀಪಾಯಿಯ ತಳದಲ್ಲಿರಬಹುದು," ಎಂದ ಅಧ್ಯಕ್ಷ.

"ತಳ ಕೆರೆದು ನೋಡಿದೆ. ಸಾಲಾಗಿ ಒಂದು ಕಟ್ಟು ಹೋಗಿಲ್ಲ, ಅಲ್ಲೊಂದು ಇಲ್ಲೊಂದು ಹೋಗಿವೆ. ಹದಿನಾಲ್ಕು ಇಲ್ಲ, ಇಪ್ಪತ್ತೆರಡು ಇಲ್ಲ, ನಲವತ್ತು ಇಲ್ಲ... ಯಾರೋ ಆರಿಸಿ ತೆಗೆದಿದಾರೆ. ಮೇಷ್ಟ್ರೇ, ಹದಿಮೂರರ ಕೊನೇ ಸಾಲು ಓದ್ತೀನಿ, ಕೇಳಿ. 'ಎರಡನೇ ಮಾಳಿಗೆಯ ಗೋಡೆ ಬೆಚ್ಚಗಿದೆ.' ಮುಂದಿನ ಹಾಳೇಲಿ ಏನಿತ್ತು?"

"ಯಾಕೆ ಬೆಚ್ಚಗಿದೆ ಅನ್ನೋದು," ಎಂದರು ಮೇಷ್ಟರು ಥಟ್ಟನೆ. "ಆಚೆ ಬದಿ ಬೇಕರಿ ಒಲೆ ಇದೆ. ಆಡೋರು ದೆವ್ವ ಅಂದ್ಕೊಂಡು ಓಡ್ತಾರೆ."

"ಇಪ್ಪತ್ತೊಂದು. 'ಕುರುಡ ಕಾವಲುಗಾರ ನಿಮ್ಮ ಹೆಸರು ಹಿಡಿದು ಕೂಗುತ್ತಾನೆ.' ಆಮೇಲೆ?"

"ಹೆಸರು ಅವನಿಗೆ ಹೇಗೆ ಗೊತ್ತಾಯ್ತು ಅನ್ನೋದು. ಅದನ್ನ ಆಡೋರು ಓದೋ ಹಾಗಿಲ್ಲ, ತಾಯಿ. ಕಥೆ ನಡೆಸೋನಿಗೆ ಮಾತ್ರ."

ಐದಾರು ಕೇಳಿದಳು. ಎಲ್ಲವೂ ಅಂಥವೇ. ಪ್ರಶ್ನೆಗಳನ್ನೆಲ್ಲ ಅಂಟಿಗೆ ಎಸೆದು, ಉತ್ತರಗಳನ್ನು ಮಾತ್ರ ಹೊತ್ತೊಯ್ದಿದ್ದರು. ಉತ್ತರವಿಲ್ಲದ ಪುಸ್ತಕ ಅಚ್ಚಾಗಿ ಪ್ರಯೋಜನವೇನು?

ಅಕ್ಕ ಅಂಗಡಿಯವನತ್ತ ತಿರುಗಿದಳು. "ಸಾಹುಕಾರ್ರೇ, ನೀವು ಈ ಆಟ ಆಡಿದೀರಾ?"

"ನಾನಾ? ನಾನು ಮಾರೋನು. ಮಿಠಾಯಿ ಅಂಗಡಿಯವನು ಮಿಠಾಯಿ ತಿಂತಾನಾ? ಆಡೋದೆಲ್ಲ ನಮ್ಮಂಗಡಿ ಮಹಡೀಲಿ, ಮೇಷ್ಟ್ರು ಹಿಂದೆ ಆಡಿಸಿದ್ದು ನೋಡಿ ಕಲಿತ ಇವನ ಹತ್ರ." ಅಧ್ಯಕ್ಷನತ್ತ ಗದ್ದ ತೋರಿಸಿದ. "ಭಾನುವಾರ ಕೂರೋಕೆ ಜಾಗ ಇರಲ್ಲ. ಒಂಬತ್ತನೇ ಮಾಳಿಗೇಲಿ ಏನಿದೆ ಅಂತ ಗೊತ್ತಿರೋದು ಇವನೊಬ್ಬನಿಗೇ. ಮೇಷ್ಟ್ರು ಇವನ ಕಿವೀಲಿ ಹೇಳಿದಾರಂತೆ."

"ಹೇಳಿದೀರಾ ಮೇಷ್ಟ್ರೇ?"

ಮುದುಕರು ತಲೆ ಅಲ್ಲಾಡಿಸಿದರು. "ಮಗಳಿಗೂ ಹೇಳಿಲ್ಲ."

ಅಧ್ಯಕ್ಷ ನಗಲು ನೋಡಿದ. "ಮರೆವು ಅಕ್ಕಾ. ವಯಸ್ಸಾಯ್ತಲ್ಲ ಅವರಿಗೆ..."

"ಬೇಕರಿ ಒಲೆ ಮರೆತಿಲ್ಲ, ನಿನ್ನ ಕಿವಿ ಮರೆತ್ರಾ? ಎಡಗೈ ಕೊಡಿಲ್ಲಿ."

"ಯಾಕೆ?"

"ಕೊಡು ಅಂದೆ!"

ಗಡಿಯಾರದ ಉಕ್ಕಿನ ಪಟ್ಟಿಯ ಸಂದುಗಳಲ್ಲಿ ಬೆಳ್ಳಗೆ ಏನೋ ಮೆತ್ತಿತ್ತು. ಅಕ್ಕ ಉಗುರಿನಿಂದ ಕೆರೆದಳು. ಹಕ್ಕಳೆ ಹಕ್ಕಳೆಯಾಗಿ ಉದುರಿತು. ಮೂಸಿ ಮುಖ ಕಿವಿಚಿದಳು.

"ಏನಿದು?"

"ಅಂಟು. ಈಗ ನೀವೇ ನೋಡಿದ್ರಲ್ಲ, ಕೈ ಹಾಕಿದ್ದು!"

"ನೋಡಿದೆ. ಹಾಕಿದ್ದು ಬಲಗೈ. ಎಡಗೈ ಮೂಗಿನ ಮೇಲಿತ್ತು, ಗಡಿಯಾರದ ಸಮೇತ." ಅಕ್ಕ ಅವನ ಬಲಗೈಯನ್ನೂ ಎತ್ತಿ ಎಲ್ಲರಿಗೂ ತೋರಿಸಿದಳು. ಅದು ಇನ್ನೂ ಜಿಗಿಜಿಗಿ ಎನ್ನುತ್ತಿತ್ತು. "ಇದು ಇವತ್ತಿನದು. ಇನ್ನೂ ಒಣಗಿಲ್ಲ. ಆ ಕೈಯದು ಸಂದೀಲಿ ಒಣಗಿ ಕಲ್ಲಾಗಿದೆ. ಹಾಗಾಗೋಕೆ ಏಳೆಂಟು ಗಂಟೆ ಬೇಕು. ಮೂವತ್ತು ವರ್ಷದಿಂದ ಇದರಲ್ಲೇ ಕೈಯಾಡಿಸ್ತಿದೀನಿ ಕಣೋ, ನನಗೆ ಹೇಳ್ತೀಯಾ? ಸಾಹುಕಾರ್ರು ಆಟ ಆಡಿಲ್ಲ, ಅಳಿಯಂದ್ರಿಗೆ ಅದು ಹುಚ್ಚಾಟ. ಅವರಿಬ್ಬರೂ ಹಾಳು ಮಾಡಬೇಕಂದ್ರೆ ಇಡೀ ಗಂಟನ್ನೇ ಮುಳುಗಿಸ್ತಿದ್ರು. ಕೂತು ಓದಿ, ಯಾವುದು ಪ್ರಶ್ನೆ ಯಾವುದು ಉತ್ತರ ಅಂತ ಬೇರೆ ಮಾಡೋ ಗರಜು ಯಾರಿಗಿತ್ತು? ಉತ್ತರ ಗೊತ್ತಿದೆ ಅಂತ ಸುಳ್ಳು ಹೇಳ್ಕೊಂಡು ಬದುಕಿದವನಿಗೆ. ಪುಸ್ತಕ ಬಂದ್ರೆ ನಿನ್ನ ಬಂಡವಾಳ ಬಯಲಿಗೆ ಬೀಳ್ತಿತ್ತು. ಉಳಿದದ್ದು ಅಂಟಿಗೆ ಬಿದ್ರೆ ಕಸ ಅಂತ ಚೆಲ್ತಾಳೆ, ಯಾರು ಎಣಿಸ್ತಾರೆ ಅಂದ್ಕೊಂಡೆ. ಬೈಂಡಿಂಗಿನವಳು ಎಣಿಸ್ತಾಳೆ! ಎಲ್ಲಿ ಆ ಹಾಳೆ?"

ಅವನು ನೆಲ ನೋಡಿದ.

"ಎಲ್ಲಿ?"

"ಹರಿದು... ಕಕ್ಕಸಿಗೆ ಹಾಕಿ ನೀರು ಬಿಟ್ಟೆ."

ಅಳಿಯನೂ "ಥೂ!" ಎಂದ.

ಅಧ್ಯಕ್ಷ ತಲೆ ಎತ್ತಿದಾಗ ಅವನ ಕಣ್ಣು ಒಣಗಿತ್ತು. ಅದೇ ಅಕ್ಕನಿಗೆ ಎಲ್ಲಕ್ಕಿಂತ ಹೇಸಿಗೆಯಾಯಿತು.

"ಆದ್ರೆ ಮೂವತ್ತೊಂದನ್ನೂ ಓದಿದೀನಿ. ತಲೇಲಿ ಇದೆ. ಇಂಥದ್ರಲ್ಲಿ ನನ್ನ ನೆನಪು ಗಟ್ಟಿ. ಮುಖಪುಟದಲ್ಲಿ ಮೇಷ್ಟ್ರ ಹೆಸರಿನ ಕೆಳಗೆ ನನ್ನ ಹೆಸರೂ ಹಾಕಿ. ಎಲ್ಲ ಬರ್ಕೊಡ್ತೀನಿ."

ಅಂಗಡಿಯವ ಗಂಟಲು ಸರಿಮಾಡಿಕೊಂಡ. "ಒಂದು ಹೆಸರು ತಾನೇ... ಪುಸ್ತಕ ಹೊರಗೆ ಬಂದ್ರೆ ಸಾಕಪ್ಪ. ಏನಂತೀರಿ?"

"ನಿಮ್ಮ ಬಾಯಿಗಿಷ್ಟು ಅಂಟು ಹಾಕ!" ಎಂದಳು ಅಕ್ಕ. ಆ ಪೀಪಾಯಿಯ ನಾತವೇ ವಾಸಿ ಅನ್ನಿಸಿತು ಅವಳಿಗೆ.

"ಇರು ತಾಯಿ," ಎಂದರು ಮೇಷ್ಟರು. "ಹೇಳಪ್ಪ. ಒಂಬತ್ತನೇ ಮಾಳಿಗೆಯ ಉತ್ತರ ಏನು ಬರೆದಿದ್ದೆ ನಾನು?"

ಅಧ್ಯಕ್ಷ ಗಡಿಯಾರದ ಪಟ್ಟಿ ಉಜ್ಜತೊಡಗಿದ.

"ಓದಿದೆ ಅಂದ್ಯಲ್ಲ?"

ಅವನು ಹಿಂದಿನ ಬಾಗಿಲ ಕಡೆ ನೋಡಿದ.

"ಎರಡೇ ಸಾಲು," ಎಂದರು ಮೇಷ್ಟರು ಉಳಿದವರಿಗೆ. "'ಇಲ್ಲಿ ಏನಿದೆ ಎಂದು ನಾನು ಹೇಳುವುದಿಲ್ಲ. ನಿಮ್ಮ ಮೇಜಿನ ಸುತ್ತ ಕೂತವರಿಗೆ ಕಂಡದ್ದೇ ಇದೆ.' ಅಷ್ಟೇ. ಇವನು ಹತ್ತೊಂಬತ್ತು ವರ್ಷ ಹೇಳಿದ್ದೂ ತಪ್ಪಲ್ಲ. ಹೊರಗೆ ನಿಂತಿರೋ ನಲವತ್ತು ಜನ ಹೇಳೋದೂ ತಪ್ಪಲ್ಲ. ಅದನ್ನ ತಡ್ಕೊಳ್ಳೋಕೆ ಆಗ್ಲಿಲ್ಲ ಇವನಿಗೆ." ಆಮೇಲೆ ಅಕ್ಕನ ಕಡೆ ತಿರುಗಿದರು. "ಉಳಿದ ಮೂವತ್ತು ಹಾಳೆ ನಾನೇ ಬಾಯಲ್ಲಿ ಹೇಳ್ತೀನಿ. ಹಿಂದಿನ ಸಾಲು ಓದ್ತಾ ಹೋಗಿ, ಬರ್ಕೊಳ್ಳೋಕೆ ಯಾರಾದ್ರೂ ಇದ್ರೆ ಸಾಕು."

ಅಳಿಯ ಮೂಗು ಉಜ್ಜಿಕೊಂಡ. ಮಾವನ ಪಕ್ಕ ಕೂತು, "ಪೆನ್ನು ಕೊಡಿ," ಎಂದ.

ಹೊರಗಿನವರು ಷಟರು ಬಡಿಯತೊಡಗಿದ್ದರು. ಅಧ್ಯಕ್ಷ ಅಕ್ಕನ ಬಳಿ ಸರಿದು ದನಿ ತಗ್ಗಿಸಿದ. "ಅಕ್ಕಾ, ದಮ್ಮಯ್ಯ, ಅವರಿಗೆ ಹೇಳ್ಬೇಡಿ. ಪೊಲೀಸಿಗೆ ಬೇಕಾದ್ರೆ ಹೇಳಿ."

"ನಾನ್ಯಾಕೆ ಹೇಳ್ಲಿ? ನೀನೇ ಹೇಳು. ತೋಳು ಮಡಿಸು."

ಅವಳು ನೀರಿನ ಟಬ್ಬನ್ನು ಎಳೆದು ಬಾಗಿಲಿನೆದುರಿಗೇ ಇಟ್ಟಳು. ಪಕ್ಕದಲ್ಲಿ ಲೋಳೆ ಸುರಿಯುವ ಹಾಳೆಗಳ ರಾಶಿ. ಅವನ ಕುತ್ತಿಗೆಪಟ್ಟಿ ಹಿಡಿದು ಮಣೆಯ ಮೇಲೆ ಕುಕ್ಕಿ, ಷಟರನ್ನು ಪೂರ್ತಿ ಮೇಲಕ್ಕೆ ದಬ್ಬಿದಳು.

ಬಿಸಿಲೂ ನಲವತ್ತು ಮುಖಗಳೂ ಒಟ್ಟಿಗೆ ಒಳಗೆ ಬಂದವು. ನಾತಕ್ಕೆ ಎಲ್ಲರೂ ಮೂಗು ಮುಚ್ಚಿಕೊಂಡರು. ಮುಂದಿದ್ದ ದಪ್ಪ ಕನ್ನಡಕದ ಹೆಂಗಸು ಬಗ್ಗಿ ಕೇಳಿದಳು:

"ಅಧ್ಯಕ್ಷರೇ, ಏನಾಯ್ತು? ಇದೇನು ಮಾಡ್ತಿದೀರಿ?"

ಅವನು ಮೊದಲ ಹಾಳೆಯನ್ನು ಎತ್ತಿ ನೀರಿಗೆ ಅದ್ದಿದ. ಹುಳಿ ನಾತ ಮುಖಕ್ಕೆ ರಾಚಿತು. ಉತ್ತರ ಕೊಡಲು ಬಾಯಿ ತೆರೆದವನಿಗೆ ವಾಕರಿಕೆ ಬಂತು.

"ಹಾಳೆ ಮೇಲೆ ಬೇಡ," ಎಂದಳು ಅಕ್ಕ. "ಇನ್ನೂ ಇನ್ನೂರ ಐದಿವೆ."