ಅಗ್ಡಾ ಸುತ್ತಿದ ಸುರುಳಿ

ಮೇಣ ಕರಗುವುದನ್ನೇ ಕಾಯುತ್ತ ಮಾಲ್ಟೆ ಒಲೆಯ ಮುಂದೆ ನಿಂತಿದ್ದ. ನೀರಿನ ಪಾತ್ರೆಯೊಳಗೆ ಚಿಕ್ಕ ಡಬರಿ, ಡಬರಿಯೊಳಗೆ ಜೇನುಮೇಣ. ಗಿಟಾರಿನ ಪಿಕಪ್ಪನ್ನು ಮೇಣದಲ್ಲಿ ಅದ್ದುವುದೆಂದರೆ ಅವನಿಗೆ ಹಾಲು ಕಾಯಿಸಿದಷ್ಟೇ ಮಾಮೂಲಿ ಕೆಲಸ. ಪಿಕಪ್ಪಿನೊಳಗಿನ ಅಯಸ್ಕಾಂತದ ಸುತ್ತ ಕೂದಲಿಗಿಂತ ತೆಳುವಾದ ತಾಮ್ರದ ಎಳೆಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಗಿಟಾರಿನ ತಂತಿ ನಡುಗಿದ್ದನ್ನು ಆ ಸುರುಳಿ ಕೇಳಿಸಿಕೊಂಡು ಸ್ಪೀಕರಿಗೆ ಒಪ್ಪಿಸುತ್ತದೆ. ಸುತ್ತು ಸಡಿಲವಾಯಿತೋ, ಕೇಳಬಾರದ್ದನ್ನೂ ಕೇಳಿಸಿಕೊಂಡು ಕಿರುಚತೊಡಗುತ್ತದೆ. ಮೇಣ ಕುಡಿಸಿದರೆ ಬಾಯಿ ಮುಚ್ಚುತ್ತದೆ.

ಮನೆಯನ್ನು ಬಾಡಿಗೆಗೆ ಕೊಟ್ಟು ದಾರಿಯಾಚೆ ಇರುವ ಒಡತಿ ಹಿಲ್ಮಾ ನೆಲಮಾಳಿಗೆಯ ಮೆಟ್ಟಿಲನ್ನು ಒಂದೊಂದೇ ಇಳಿದು ಬಂದಳು. ಎಂಬತ್ತು ದಾಟಿದ ಮುದುಕಿ. ಒಂದು ಕೈಯಲ್ಲಿ ಕಾಫಿಯ ಫ್ಲಾಸ್ಕು, ಇನ್ನೊಂದರಲ್ಲಿ ಕಾಫಿಯೊಳಗೆ ಮುಳುಗಿಸಿ ತಿನ್ನುವ ಗಿಣ್ಣಿನಂಥ ಚೀಸಿನ ತುಂಡುಗಳು. ಮೇಜಿನ ಮೇಲೆ ತೆರೆದಿಟ್ಟ ತಗಡಿನ ಡಬ್ಬಿಯನ್ನು ಕಂಡವಳೇ ಅಲ್ಲೇ ನಿಂತುಬಿಟ್ಟಳು. ಡಬ್ಬಿಯಲ್ಲಿ ಹಳೆಯದೊಂದು ಪಿಕಪ್ಪಿತ್ತು. ಮುದಿ ಹಲ್ಲಿನ ಬಣ್ಣಕ್ಕೆ ತಿರುಗಿದ್ದರೂ ಎಲ್ಲೂ ಮುಕ್ಕಾಗಿರಲಿಲ್ಲ.

"ಅದೆಲ್ಲಿ ಸಿಕ್ತು ನಿಂಗೆ?"

"ಗೋಡೆ ಹಲಗೆ ಹಿಂದೆ, ಅಜ್ಜಿ. ಯಾವನೋ ಜಿಪುಣ ಮೊಳೆ ಹೊಡೆದು ಬಚ್ಚಿಟ್ಟಿದ್ದ."

"ಜಿಪುಣ ಅಲ್ಲ, ನಾನು."

ಅವಳು ಕೂರಲಿಲ್ಲ. ನಿಂತೇ ಹೇಳಿದಳು. ಹಿಂದೆ ಉತ್ತರದ ಆ ಕಾಡುಸೀಮೆಯಲ್ಲಿ ಕೆಲವು ಹೆಂಗಸರು ನೂಲು, ಕೂದಲು, ಉಗುರು ಸೇರಿಸಿ ಉಂಡೆ ಸುತ್ತಿ, ಎಂಜಲು ನೆತ್ತರು ಕುಡಿಸಿ ಅದಕ್ಕೆ ಜೀವ ಬರಿಸುತ್ತಿದ್ದರಂತೆ. ಬ್ಯಾರ ಎಂದು ಅದರ ಹೆಸರು. ಕತ್ತಲಾದ ಮೇಲೆ ಉರುಳಿಕೊಂಡು ನೆರೆಯವರ ಕೊಟ್ಟಿಗೆಗೆ ನುಗ್ಗಿ, ಹಸುವಿನ ಕೆಚ್ಚಲಿಗೆ ಬಾಯಿ ಹಾಕಿ ಕುಡಿದು, ಒಡತಿಯ ಗಡಿಗೆಗೆ ಬಂದು ಕಾರಿಕೊಳ್ಳುತ್ತಿತ್ತಂತೆ. ಹೊಟ್ಟೆ ಬಿರಿಯುವಷ್ಟು ಕುಡಿದು ದಾರಿಯಲ್ಲೇ ಕಾರಿದ್ದು ಹಳದಿ ಲೋಳೆಯಾಗಿ ಹುಲ್ಲಿನ ಮೇಲೆ ಬಿದ್ದಿರುತ್ತಿತ್ತು. ಅದಕ್ಕೆ ಜನ ಮಾಟದ ಬೆಣ್ಣೆ ಎನ್ನುತ್ತಿದ್ದರು. ಹಿಲ್ಮಾಳ ಅಕ್ಕ ಅಗ್ಡಾ ಊರಿನ ಗಿಟಾರ್ ಕಾರ್ಖಾನೆಯಲ್ಲಿ ಸುರುಳಿ ಸುತ್ತುತ್ತಿದ್ದವಳು. ಕುಣಿತದ ಮೇಳದಲ್ಲಿ ಗಿಟಾರ್ ನುಡಿಸುತ್ತಿದ್ದ ಎವರ್ಟನ ಮೇಲೆ ಅವಳಿಗೆ ಮನಸ್ಸು. ಅವನಿಗೆಂದು ಬ್ಯಾರವನ್ನೇ ತಾಮ್ರದಲ್ಲಿ ಸುತ್ತಿದಳು. ಇದು ಕುಡಿಯುವುದು ದನಿಯನ್ನು. ಎವರ್ಟನ ಗಿಟಾರು ಜೇನಾಯಿತು. ಅವನ ಮೇಳದ ಹಾಡುಗಾರ್ತಿ ಮೂಕಳಾದಳು.

"ಸಾಯೋವಾಗ ಅಗ್ಡಾ ಬಾಯಿತುಂಬ ಹಳದಿ ಬೆಣ್ಣೆ," ಎಂದಳು ಹಿಲ್ಮಾ. "ನಾನೇ ಬೆರಳು ಹಾಕಿ ತೆಗೆದೆ. ತೆಗೆದಷ್ಟೂ ಬರ್ತಿತ್ತು."

ಆಮೇಲೆ ಹಿಲ್ಮಾ ಅದನ್ನು ಎವರ್ಟನ ಗಿಟಾರಿನಿಂದ ಕಿತ್ತು ತಂದು ಒಲೆಗೆ ಹಾಕಿ ನೋಡಿದ್ದಳಂತೆ, ಹತ್ತಿಕೊಳ್ಳಲಿಲ್ಲ. ಒಡೆಯ ಕೈಯಾರೆ ಹಾಕಿದರೆ ಮಾತ್ರ ಉರಿಯುತ್ತದಂತೆ ಅದು. ಎವರ್ಟ್ ಇನ್ನೂ ಬದುಕಿದ್ದ. ಉಮಿಯೊ ಊರಿನ ವೃದ್ಧರ ಮನೆಯಲ್ಲಿ ದವಡೆ ಜೋತುಬಿದ್ದು, ಕಿವಿ ಮುಚ್ಚಿಹೋಗಿ, ಸಾವೂ ಬಾರದೆ ಮಲಗಿದ್ದ. ಫೋನು ಅವನಿಗೆ ಕೇಳದು. ಹಿಲ್ಮಾಳ ಮನೆತನದ ಹೆಸರಿದ್ದ ಕಾಗದ ಬಂದರೆ ಒಡೆಯದೆ ಹರಿದುಹಾಕುತ್ತಿದ್ದ.

"ನೀನು ಬರಿ. ಸಿಕ್ಕಿದೆ ಅಂತ ಒಂದು ಸಾಲು ಸಾಕು. ಯಾರನ್ನಾದ್ರೂ ಕಳಿಸಿ ತರಿಸ್ಕೊಂಡು ತಾನೇ ಸುಡ್ತಾನೆ. ಅಲ್ಲಿವರೆಗೆ ಬಾಯಿಗೆ ಮಾತ್ರ ತಾಕಿಸ್ಬೇಡ, ಮಗಾ. ಎಂಜಲಾದ್ರೆ ನಿನ್ನ ಕಡೆ ತಿರುಗುತ್ತೆ."

ಮಾಲ್ಟೆ ದಕ್ಷಿಣದ ಮಾಲ್ಮೋ ಪೇಟೆಯವನು. ಹೆಂಡತಿ ತುವಾಳ ಜೊತೆ ಈ ಕಾಡುಸೀಮೆಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ತಂತಿಯ ತುದಿಯನ್ನು ಹಲ್ಲಲ್ಲಿ ಕಚ್ಚಿ ಸುಲಿಯುವುದು ಗಿಟಾರು ರಿಪೇರಿ ಮಾಡುವ ಅವನ ಕಸುಬಿನ ಅಭ್ಯಾಸ. ಪಿಕಪ್ಪನ್ನು ಎತ್ತಿಕೊಂಡು, ಮುದುಕಿಯ ಕಣ್ಣಲ್ಲಿ ಕಣ್ಣಿಟ್ಟು ತುದಿಯನ್ನು ಕಚ್ಚಿ ಸುಲಿದ. ಅಷ್ಟಕ್ಕೇ ಬಿಡದೆ ನಾಲಿಗೆ ಚಾಚಿ ಸುರುಳಿಯನ್ನು ಉದ್ದಕ್ಕೂ ನೆಕ್ಕಿದ.

"ಹುಳಿ ಮಜ್ಜಿಗೆ ಇದ್ದಂಗಿದೆ ಅಜ್ಜಿ. ಚೂರು ಉಪ್ಪು ಕಮ್ಮಿ."

ಹಿಲ್ಮಾ ಫ್ಲಾಸ್ಕನ್ನು ಎದೆಗೆ ಒತ್ತಿಕೊಂಡು ಮೆಟ್ಟಿಲ ಕಡೆ ತಿರುಗಿದಳು. ಕಾಫಿ ಕೊಡಲಿಲ್ಲ. "ಬೇಗ ಬರಿ," ಎಂದಳು ಹಿಂದಿರುಗಿ ನೋಡದೆ. "ಮೊದಲು ಅದು ಅವನದು. ಇನ್ನೂ ವಾಪಸ್ ಕೇಳೋ ಹಕ್ಕು ಅವನಿಗಿದೆ."

ಮಾಲ್ಟೆ ಆವತ್ತೇ ಒಂದು ಲಕೋಟೆಯ ಮೇಲೆ ಎವರ್ಟನ ವಿಳಾಸ ಬರೆದು, ಅಂಚೆಚೀಟಿಯನ್ನೂ ಅಂಟಿಸಿದ. ಅಜ್ಜಿಯ ಸಮಾಧಾನಕ್ಕೆ ಅಷ್ಟು ಮಾಡಿದರಾಯಿತು ಅಂದುಕೊಂಡ. ಒಳಗೆ ಹಾಕಬೇಕಾದ ಸಾಲನ್ನು ನಾಳೆಗೆ ಬಿಟ್ಟ.

ಆ ಪಿಕಪ್ಪನ್ನು ತನ್ನ ಗಿಟಾರಿಗೆ ಕೂಡಿಸಿ ತಂತಿ ಮೀಟಿದ ಮೇಲೆ ನಾಳೆ ಎಂಬುದು ದೂರವಾಯಿತು.

ಮಾಲ್ಮೋದಲ್ಲಿ ಅವನನ್ನು ಮೇಳದಿಂದ ತೆಗೆದವರು ಹೇಳಿದ್ದು ಒಂದೇ ಮಾತು: ಬೆರಳು ಚೆನ್ನಾಗಿದೆ, ನಾದ ತಗಡು. ಆ ತಗಡನ್ನು ಹೋಗಲಾಡಿಸಲು ಅವನು ಹಾಕಿ ತೆಗೆದ ಪಿಕಪ್ಪುಗಳು ಒಂದು ಖಾನೆಯ ತುಂಬ ಇದ್ದವು. ಒಂದರ ನಾದ ನೀರುಮಜ್ಜಿಗೆ, ಇನ್ನೊಂದರದು ಕೆಸರು. ಮತ್ತೊಂದು ಕಿವಿಗೆ ಸೂಜಿ ಚುಚ್ಚುತ್ತಿತ್ತು. ಇದು ಹಾಗಲ್ಲ. ಒಂದು ತಂತಿ ಮೀಟಿದರೆ ದಪ್ಪಗೆ, ಬೆಚ್ಚಗೆ, ಕೆನೆಗಟ್ಟಿದ ಹಾಲಿನಂತೆ ನಾದ ಇಳಿಯಿತು. ಅದಕ್ಕೆ ಉಸಿರಿತ್ತು.

ಪಿಕಪ್ಪಿನ ಎರಡು ಮಗ್ಗುಲಿಗೂ ಒಂದೊಂದು ಸ್ಕ್ರೂ ಇರುತ್ತದೆ. ತಿರುಗಿಸಿದರೆ ಅದು ತಂತಿಗೆ ಹತ್ತಿರವಾಗಿ ನಾದ ಜೋರಾಗುತ್ತದೆ. ತೀರಾ ಹತ್ತಿರ ತಂದರೆ ಅಯಸ್ಕಾಂತ ತಂತಿಯನ್ನೇ ಎಳೆದು ಶ್ರುತಿ ಕೆಡುತ್ತದೆ. ಈ ಪಿಕಪ್ಪು ಎಷ್ಟು ಮೇಲೆ ತಂದರೂ ಕೆಡಲಿಲ್ಲ. ಮೇಲೆ ಬಂದಷ್ಟೂ ಕೆನೆ ದಪ್ಪವಾಯಿತು.

ತುವಾ ಮಾಲ್ಮೋದ ಅದೇ ಮೇಳದಲ್ಲಿ ಹಾಡುತ್ತಿದ್ದವಳು, ಇಲ್ಲಿಗೆ ಬಂದ ಮೇಲೆ ಅವನ ಜೊತೆ ಪುಟ್ಟ ಮೇಳ ಕಟ್ಟಿದ್ದಳು. ಮಾಲ್ಟೆ ಅವಳನ್ನು ಮೊದಲು ಮೆಚ್ಚಿದ್ದೇ ಆ ದನಿಗೆ. ಅಡುಗೆಮನೆಯಲ್ಲಿ ಅವಳು ಗುನುಗಿದರೆ ಕೆಳಗೆ ಕೆಲಸ ಮಾಡುವ ಅವನ ಕೈ ನಿಧಾನವಾಗುತ್ತಿತ್ತು. ಈಗ ಅವಳು ಮೇಲೆ ಹಾಡಿದರೆ ಕೆಳಗೆ ಯಾರೂ ಮುಟ್ಟದ ಗಿಟಾರಿನಿಂದ ಸ್ಪೀಕರಿನಲ್ಲಿ ಸಣ್ಣಗೆ ಅದೇ ಹಾಡು ಬರತೊಡಗಿತು. ಸುತ್ತು ಸಡಿಲವಾಗಿದೆ, ಅಷ್ಟೇ, ಎಂದುಕೊಂಡ. ಅವಳ ಗಂಟಲು ಕಟ್ಟಿದಾಗ ಹವೆಯ ಮೇಲೆ ತಪ್ಪು ಹೊರಿಸಿದ.

ಒಂದು ಬೆಳಿಗ್ಗೆ ಗಿಟಾರಿನ ಕೆಳಗೆ ನೆಲದ ಮೇಲೆ ಹಳದಿ ಮುದ್ದೆ ಬಿದ್ದಿತ್ತು. ಬೆರಳಲ್ಲಿ ಒತ್ತಿದರೆ ಬೆಣ್ಣೆಯಂತೆ ಮೆತ್ತಗೆ, ಬೆಚ್ಚಗೆ. ಕೊಳೆತ ಹಾಲು, ಕುರಿಯ ಕೊಬ್ಬು, ಅದರಡಿಯಲ್ಲಿ ನಿದ್ದೆಯಿಂದೆದ್ದವರ ಬಾಯಿವಾಸನೆ. ಮಾಲ್ಟೆ ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡ. ಆದರೂ ಅವನು ಕಸುಬುದಾರ. ಹಳೆಯ ಪಿಕಪ್ಪು ಬಿಸಿಗೆ ಮೇಣ ಬೆವರುವುದನ್ನು ಕಂಡವನು. ಒಳ್ಳೆಯ ಮೇಣ ಹಾಳಾಗಬಾರದೆಂದು ಅದನ್ನು ಚಾಕುವಿನಿಂದ ಕೆರೆದು ಡಬರಿಗೆ ಹಾಕಿ ಕರಗಿಸಿದ. ಪಿಕಪ್ಪನ್ನು ಗಿಟಾರಿನಿಂದ ಬಿಚ್ಚಿ ಅದರಲ್ಲೇ ಅದ್ದಿದ. ಸಣ್ಣ ಗುಳ್ಳೆಗಳು ಎದ್ದವು. ಕೂಸು ಮೊಲೆ ಚೀಪುವಾಗಿನ ಚಪ್ಪರಿಕೆ ಕೇಳಿಸಿತು. ತಾನು ಕಾರಿದ್ದನ್ನು ಅದು ತಾನೇ ಕುಡಿಯಿತು, ಅವನ ಕೈಯಿಂದ.

ಅಂದಿನಿಂದ ತುವಾಳ ದನಿ ಇಳಿಜಾರಿಗೆ ಬಿತ್ತು.

ಊರಿನ ಕುಣಿತದ ಮನೆಯಲ್ಲಿ ಚಳಿಗಾಲದ ಮೊದಲ ಕುಣಿತ. ಅವಳು ಮೇಲಿನ ಸ್ವರಕ್ಕೆ ಏರಲಾರದೆ ಹೋದಾಗಲೆಲ್ಲ ಅವನ ಗಿಟಾರು ಅಲ್ಲಿಗೆ ಏರಿತು. ಜನ ಕುಣಿಯುವುದನ್ನು ಬಿಟ್ಟು ನಿಂತು ಕೇಳಿದರು. ಅವನ ಕೈ ಹಿಡಿದು ಕುಲುಕಿದರು. ಕಾರಿನಲ್ಲಿ ಹಿಂದಿರುಗುವಾಗ ತುವಾ ಒಡಕು ಪಿಸುಮಾತಿನಲ್ಲಿ ಹೇಳಿದಳು.

"ಅದು ನನ್ನ ದನಿ, ಮಾಲ್ಟೆ. ನಿನ್ನ ತಂತಿಯೊಳಗೆ ನಾನು ಉಸಿರು ತಗೊಳ್ಳೋದು ಕೇಳಿಸ್ತು."

"ಗಂಟಲು ಕಟ್ಟಿದ್ರೆ ಕಿವಿನೂ ಕಟ್ಟುತ್ತೆ ಕಣೆ."

ನಿಜ ಹೇಳಬೇಕೆಂದರೆ ಅವನಿಗೂ ಆ ಉಸಿರು ಕೇಳಿಸಿತ್ತು. ಮರುದಿನ ಬೆಳಿಗ್ಗೆ ಕೆಳಗಿಳಿದು ಸ್ಕ್ರೂಗಳನ್ನು ಇನ್ನಷ್ಟು ತಿರುಗಿಸಿದ. ಲಕೋಟೆ ದೀಪದ ಬುಡದಲ್ಲಿ ಬಾಯಿ ತೆರೆದುಕೊಂಡು ಬಿದ್ದಿತ್ತು. ದಾರಿಯಲ್ಲಿ ಹಿಲ್ಮಾ ಕೇಳಿದಾಗಲೆಲ್ಲ ನಾಳೆ ಎನ್ನುತ್ತಿದ್ದ. ಎವರ್ಟ್ ವಾಪಸ್ ಕೇಳಿಬಿಟ್ಟರೆ? ಮತ್ತೆ ಆ ತಗಡು ನಾದ ಯಾರಿಗೆ ಬೇಕು?

ಆ ಸೀಮೆಯ ಚಳಿಗಾಲದಲ್ಲಿ ಊಟ ಮುಗಿಸಿ ತಟ್ಟೆ ಎತ್ತುವಷ್ಟರಲ್ಲಿ ಕತ್ತಲು. ಅಂಥದೊಂದು ಮಧ್ಯಾಹ್ನ ತುವಾ ಅಡುಗೆಮನೆಯ ಮೇಜಿನ ಎದುರು ಕೂತು ಕಪ್ಪಿನೊಳಗಿನ ಚೀಸಿನ ತುಂಡನ್ನು ಚಮಚದಿಂದ ತಿರುವುತ್ತಿದ್ದಳು. ಅವನತ್ತ ನೋಡಿ ಬಾಯಿ ತೆರೆದಳು. ಬರಿಯ ಗಾಳಿ ಬಂತು. ತುಟಿಯ ಮೂಲೆಯಲ್ಲಿ ಹಳದಿ ಲೋಳೆಯ ಎಳೆಯೊಂದು ಇಳಿದು ಗದ್ದಕ್ಕೆ ಜೋತಿತು.

ಆಗ ಕೆಳಗಿನಿಂದ, ಸ್ಪೀಕರಿನಿಂದ, ಅವಳ ದನಿ ಸ್ಪಷ್ಟವಾಗಿ ಹೇಳಿತು:

"ಮಾಲ್ಟೆ, ಕಾಫಿ ಆರಿಹೋಯ್ತು."

ತುವಾ ಎರಡು ಕೈಯಿಂದಲೂ ಬಾಯಿ ಮುಚ್ಚಿಕೊಂಡಳು. ಮಾಲ್ಟೆ ಮೆಟ್ಟಿಲಿಳಿದ. ದೀಪ ಹತ್ತಲಿಲ್ಲ. ಕೊಳೆತ ಹಾಲಿನ ವಾಸನೆ ಮುಖಕ್ಕೆ ಒದ್ದೆ ಬಟ್ಟೆಯಂತೆ ಅಂಟಿತು. ಕಾಲಡಿ ಜಾರಿತು. ನೆಲವೆಲ್ಲ ಜಿಡ್ಡು. ಕತ್ತಲಲ್ಲಿ ಚಪ್ಪರಿಕೆ. ಚಪ್ ಚಪ್. ನಡುವೆ ಸಣ್ಣ ತೇಗು. ಗಿಟಾರಿಗೆ ಕೈಯಿಟ್ಟ. ಬೆಚ್ಚಗಿತ್ತು. ಜ್ವರ ಬಂದ ಹೊಟ್ಟೆಯಂತೆ ಏರಿ ಇಳಿಯುತ್ತಿತ್ತು. ತಡಕಾಡಿ ಸ್ಕ್ರೂ ಬಿಚ್ಚಿದ. ಸುರುಳಿ ಅಂಗೈಗೆ ಬಿತ್ತು. ತಾಮ್ರವಿರಬೇಕಾದಲ್ಲಿ ಕೂದಲು. ಒದ್ದೆ ಕೂದಲು. ಅದರೊಳಗೆ ಉಗುರು. ಬೆರಳಿಗೆ ಮೆತ್ತನೆಯದೇನೋ ತಾಕಿತು. ತುಟಿ. ಅದು ಅವನ ಬೆರಳನ್ನು ಹುಡುಕಿ ಚೀಪತೊಡಗಿತು.

ಅವನು ಕಿರುಚಿದ್ದು ಹಿಲ್ಮಾಳ ಮನೆಯವರೆಗೂ ಕೇಳಿಸಿತಂತೆ.

ಅವಳು ಬರುವಾಗಲೇ ತೋಳ ತುಂಬ ಸೌದೆ ತಂದಳು. ಬರ್ಚು, ಪೈನು, ಇನ್ನೂ ಏನೇನೋ ಮರದ್ದು, ಎಂದೋ ಕಡಿದು ಒಣಗಿಸಿಟ್ಟದ್ದು. ಒಲೆಯ ಬಾಯಿ ತೆರೆದು ಜೋಡಿಸಿದಳು. ಎವರ್ಟನಿಗೆ ಕಾಗದ ಹಾಕಿದೆಯಾ ಎಂದು ಕೇಳಿದಳು. ಇಲ್ಲ ಎಂದ.

"ಹಾಗಾದ್ರೆ ಇದೀಗ ಪೂರ್ತಿ ನಿನ್ನದೇ. ಎಂಜಲೂ ನಿಂದು, ಉಣಿಸಿದ ಕೈಯೂ ನಿಂದು. ಸುಟ್ರೆ ಅವಳದು ಅವಳಿಗೆ ಬರುತ್ತೆ."

"ನಂಗೇನಾಗುತ್ತೆ ಅಜ್ಜಿ?"

"ಅಗ್ಡಾಗೂ ಅದು ಮೊದಲೇ ಗೊತ್ತಿರ್ಲಿಲ್ಲ."

ತುವಾ ಮೆಟ್ಟಿಲ ಮೇಲೆ ನಿಂತಿದ್ದಳು, ಬಾಯಿ ಮುಚ್ಚಿಕೊಂಡೇ. ಬೆರಳ ಸಂದಿಯಿಂದ ಹಳದಿ ಇಳಿಯುತ್ತಿತ್ತು. ಮಾಲ್ಟೆ ಅವಳನ್ನು ನೋಡಿದ. ಕೈಯಲ್ಲಿದ್ದುದನ್ನು ನೋಡಿದ. ಆ ಗಳಿಗೆಯಲ್ಲೂ ಅವನ ಕಿವಿ ಆ ಕೆನೆಯ ನಾದವನ್ನು ನೆನೆಯಿತು, ನೆನೆದುದಕ್ಕೆ ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಬೆಂಕಿಗೆ ಎಸೆದ.

ಹತ್ತಿತು. ಕೂದಲು ಸುಟ್ಟ ಕಮಟು. ಕೊಬ್ಬು ಸಿಡಿಯಿತು. ಒಲೆಯೊಳಗಿನಿಂದ ಯಾರ್ಯಾರದೋ ದನಿ ಎದ್ದಿತು, ಹೆಂಗಸರದು, ಎಲ್ಲ ಒಟ್ಟಿಗೆ, ಮಾತಿಲ್ಲದ ಒಂದೇ ಸ್ವರ. ತುವಾ ಕೆಮ್ಮಿದಳು. ಮತ್ತೆ ಕೆಮ್ಮಿದಳು. "ಅಮ್ಮಾ" ಎಂದಳು, ಗಟ್ಟಿಯಾಗಿ, ತನ್ನದೇ ದನಿಯಲ್ಲಿ.

ಮಾಲ್ಟೆ ಅವಳ ಹೆಸರು ಕೂಗಲು ಬಾಯಿ ತೆರೆದ. ಗಂಟಲಲ್ಲಿ ಬಿಸಿಬಿಸಿಯಾಗಿ ಏನೋ ಏರಿತು. ಉಸಿರು ಕಟ್ಟಿತು. ಮಂಡಿಯೂರಿ ಕಾರಿದ. ಮೆತ್ತಗೆ. ಹಳದಿ. ಬೆಣ್ಣೆ. ಹಿಲ್ಮಾ ಅವನ ತಲೆ ಹಿಡಿದು, ತನ್ನ ಏಪ್ರನ್ನಿನಿಂದಲೇ ಬಾಯಿ ಒರೆಸಿದಳು. ಒರೆಸಿದಷ್ಟೂ ಬಂತು.

ಹಿಮ ಕರಗುವ ಹೊತ್ತಿಗೆ ತುವಾ ಮೇಳಕ್ಕೆ ಬೇರೆ ಗಿಟಾರಿನವನನ್ನು ಕರೆದುಕೊಂಡಿದ್ದಳು. ಮಾಲ್ಟೆಯನ್ನು ಬಿಟ್ಟುಹೋಗಲಿಲ್ಲ. ಊಟ ಬಡಿಸುತ್ತಿದ್ದಳು, ಬೇರೆ ಕೋಣೆಯಲ್ಲಿ ಮಲಗುತ್ತಿದ್ದಳು. ಅವನು ಆಡಲು ಹೋದ ಮಾತೆಲ್ಲ ಲೋಳೆಯಾಗಿ ಬಾಯಿಗೆ ಬರುತ್ತಿತ್ತು. ಅದಕ್ಕೆ ಸದಾ ಒಂದು ಡಬ್ಬಿ ಪಕ್ಕದಲ್ಲಿರುತ್ತಿತ್ತು. ತಿಂದದ್ದಕ್ಕೆಲ್ಲ ಕೊಬ್ಬಿನ ರುಚಿ. ಮೇಲಿನಿಂದ ಅವಳ ಹಾಡು ತೇಲಿಬಂದರೆ ಅವನ ಕೈ ಈಗಲೂ ನಿಧಾನವಾಗುತ್ತಿತ್ತು.

ಒಂದು ದಿನ ದೀಪದ ಬುಡದ ಲಕೋಟೆಯ ಧೂಳು ಊದಿದ. ಹಾಳೆ ತೆಗೆದು ಒಂದು ಸಾಲು ಬರೆದ: ಸಿಕ್ಕಿತ್ತು, ಸುಟ್ಟಿದ್ದೇನೆ, ಇನ್ನು ಕಾಯಬೇಡಿ. ಮಡಚಿ ಒಳಗಿಟ್ಟ. ಲಕೋಟೆಯ ಅಂಚನ್ನು ರೂಢಿಯಂತೆ ನಾಲಿಗೆಗೆ ತಾಕಿಸಿದ.

ಅಂಚಿನುದ್ದಕ್ಕೂ ಹಳದಿ ಗೆರೆಯೊಂದು ಮೂಡಿತು. ತೋಳಿನಿಂದ ಒರೆಸಿದ. ಮತ್ತೆ ಮೂಡಿತು, ನೋಡುತ್ತಿದ್ದಂತೆ ಲಕೋಟೆಯ ಬಾಯಿ ಅಂಟಿಕೊಂಡಿತು. ಖಾನೆಯಲ್ಲಿ ಬೇರೆ ಲಕೋಟೆಗಳಿದ್ದವು. ಬಟ್ಟಲಲ್ಲಿ ನೀರೂ ಇತ್ತು. ಅವನು ಎರಡನ್ನೂ ನೋಡಿದ, ಮುಟ್ಟಲಿಲ್ಲ.

ದಾರಿಯ ತಿರುವಿನಲ್ಲಿ ಅಂಚೆಯ ಹಳದಿ ಪೆಟ್ಟಿಗೆ. ಲಕೋಟೆಯನ್ನು ಅದರ ಬಾಯಿಗಿಟ್ಟು ಬಹಳ ಹೊತ್ತು ನಿಂತ. ಎಂಜಲಾದರೆ ಆ ಕಡೆ ತಿರುಗುತ್ತದೆ, ಮೊದಲು ಅದು ಅವನದು, ಎಂದಿದ್ದಳು ಹಿಲ್ಮಾ. ಎವರ್ಟನಂಥ ಮುದುಕರು ಕಾಗದ ಬಿಡಿಸುವ ಮುಂಚೆ ಬೆರಳನ್ನು ನಾಲಿಗೆಗೆ ತಾಕಿಸಿಕೊಳ್ಳುತ್ತಾರೆ, ಬಿಡಿಸಿ ಮಡಚುವಾಗ ಮತ್ತೊಮ್ಮೆ.

ಮಾಲ್ಟೆ ಉಗುಳು ನುಂಗಿ, ಬೆರಳು ಸಡಿಲಿಸಿದ. ಕಾಗದ ಒಳಗೆ ಬಿತ್ತು.