ಮೂರನೇ ಹಾಸಿಗೆಯ ಪೋರ್ಟ್

"ನನ್ನ ಹೇಣ್ತಿ ಸಾವಿಗಿ ಕಾರಣ ಯಾರಂತ ಗೊತ್ತಾಗೂತನ ಮಣ್ಣು ಮಾಡಂಗಿಲ್ರಿ," ಎನ್ನುತ್ತ ಪೀರಪ್ಪ ಪತ್ತೇದಾರ ಕಲ್ಲಿನಾಥನ ಬಾಗಿಲಲ್ಲೇ ಕುಸಿದು ಕೂತ. ಕಲ್ಲಿನಾಥನ ನೆರಳಿನಂತಿದ್ದ ಸಹಾಯಕ ಜಹೀರುದ್ದೀನ ಕಾರು ತೆಗೆದ.

ಅಫಜಲಪುರದ ಆ ಖಾಸಗಿ ಆಸ್ಪತ್ರೆಯಲ್ಲಿ ನರ್ಸ್ ಗೌಸಿಯಾಬೇಗಂಳನ್ನು ಮೂಲೆಗೆ ನೂಕಿ ನಿಲ್ಲಿಸಿದ್ದರು. ಅವಳ ಕೆನ್ನೆ ಬಾತಿತ್ತು. ಹೊಡೆದವನು ಪೀರಪ್ಪನ ಸತ್ತ ಹೆಂಡತಿ ಮಾಣಿಕಮ್ಮನ ಮಗ ದೇವಾನಂದ. ಆಳಂದ, ಜೇವರ್ಗಿ, ಅಫಜಲಪುರದ ಆಸ್ಪತ್ರೆಗಳ ಕಂಪ್ಯೂಟರ್ ನೆಟ್‌ವರ್ಕ್ ನೋಡಿಕೊಳ್ಳುವವನು.

"ಎರಡನೇ ಹಾಸಿಗ್ಯಾಗಿದ್ದ ಅವ್ವನ್ನ ಮೂರನೇದಕ್ಕ ಹಾಕ್ಯಾಳ್ರಿ ಈಕಿ. ಅದರ ವೈರು ಸಿಗಸೂ ಪೋರ್ಟ್ ಸುಟ್ಟದ. ಉಸಿರು ನಿಂತ್ರೂ ಹಾಸಿಗಿ ಮಾನಿಟರಿಂದ ನರ್ಸ್ ಟೇಬಲ್ಲಿಗಿ ಅಲಾರಾಂ ಬರಲಿಲ್ಲ. ಜೈಲಿಗಿ ಹಾಕಸ್ತೇನಿ ಈಕಿನ್ನ!"

"ಅಮ್ಮನೇ ಹಠ ಹಿಡದ್ರು," ಗೌಸಿಯಾ ಬಿಕ್ಕಿದಳು. "ಎರಡನೇದ್ರಾಗ ತಲಿ ಉತ್ತರಕ್ಕ ಬರ್ತದ, ಹಂಗ ಮಲಗಿದ್ರ ಸಾಯ್ತೇನಿ ಅಂದ್ರು. ಪೋರ್ಟ್ ಕೆಟ್ಟದ್ದು ನನಗ್ಯಾರೂ ಹೇಳಿಲ್ರಿ."

ಹಾಸಿಗೆಗಳ ವೈರುಗಳೆಲ್ಲ ಬಂದು ಸೇರುವ, ಸಾಲು ಪೋರ್ಟುಗಳ ಸ್ವಿಚ್ಚೆಂಬ ಪೆಟ್ಟಿಗೆಯ ಮುಂದೆ ಕಲ್ಲಿನಾಥ ಕೂತ. ಮೂರನೇ ಹಾಸಿಗೆಯ ವೈರನ್ನು ಪಕ್ಕದ ಪೋರ್ಟಿಗೆ ಹಾಕಿದ. ಹಸಿರು ದೀಪ ಹತ್ತಿತು. ಬೇರೆ ವೈರನ್ನು ಮೂರನೇ ಪೋರ್ಟಿಗೆ ಹಾಕಿದ, ದೀಪ ಹತ್ತಲಿಲ್ಲ.

"ವೈರು ಸರಿ ಅದ. ಕೆಟ್ಟದ್ದು ಪೋರ್ಟೇ."

"ಸ್ವಿಚ್ಚು ಹಳೇದಾಗ್ಯದ, ಹೊಸಾದು ಹಾಕಸ್ರಿ ಅಂತ ಮಾಲಕರಿಗಿ ನಿನ್ನೇನೇ ಹೇಳೇನಿ," ಎಂದ ದೇವಾನಂದ.

ಕಲ್ಲಿನಾಥ ಸ್ವಿಚ್ಚನ್ನು ಮೂಸಿ ನೋಡಿದ. ಸುಟ್ಟ ವಾಸನೆಯಿರಲಿಲ್ಲ. ದೇವಾನಂದ ನೋಡಿಕೊಳ್ಳುವ ಬೇರೆ ಆಸ್ಪತ್ರೆಗಳಿಗೆ ಫೋನ್ ಮಾಡಿ ವಿಚಾರಿಸಿದ. ಕಲ್ಲಿನಾಥನ ಮಾತಿನಂತೆ ಜಹೀರುದ್ದೀನ ಜೇವರ್ಗಿಗೆ ಹೋಗಿ, ಅಲ್ಲಿಯ ಆಸ್ಪತ್ರೆಯಲ್ಲಿ ದೇವಾನಂದ ಕೆಟ್ಟಿದೆಯೆಂದು ತೆಗೆಸಿದ್ದ ಸ್ವಿಚ್ಚನ್ನು ಹೊತ್ತು ತಂದ.

ಸಂಜೆ ಎಲ್ಲರೂ ಸೇರಿದರು. ಜೇವರ್ಗಿಯ ಸ್ವಿಚ್ಚಿಗೆ ಕರೆಂಟ್ ಕೊಟ್ಟು ವೈರು ಹಾಕಿದರೆ ಒಂದು ಪೋರ್ಟೂ ಕೆಟ್ಟಿರಲಿಲ್ಲ. ಆಮೇಲೆ ಕಲ್ಲಿನಾಥ ಅಫಜಲಪುರದ ಆಸ್ಪತ್ರೆಯ ಸ್ವಿಚ್ಚಿನ ಪ್ಲಗ್ ಕಿತ್ತು ಮತ್ತೆ ಹಾಕಿದ. ಮೂರನೇ ಪೋರ್ಟಿನ ದೀಪ ಹಸಿರಾಯಿತು.

"ಸುಟ್ಟ ಪೋರ್ಟ್ ಎದ್ದು ಬರಂಗಿಲ್ಲ. ಕಂಪ್ಯೂಟರಿನಿಂದ ಮುಚ್ಚಿ, ಅದನ್ನ ಸೇವ್ ಮಾಡದೆ ಬಿಟ್ರ, ಕರೆಂಟ್ ಹೋಗಿ ಬಂದ ಕೂಡ್ಲೇ ತೆರೀತದ. ಪಾಸ್‌ವರ್ಡ್ ಒಬ್ಬನ ಹತ್ರನೇ ಅದ. ಛಲೋ ಪೋರ್ಟ್ ಮುಚ್ಚಿ, ಸುಟ್ಟದ ಅಂತ ಹೇಳಿ, ಹೊಸ ಸ್ವಿಚ್ಚು ಮಾರೂದು ಅವನ ಧಂದೆ."

"ಅವ್ವನ್ನ ಕೊಲ್ಲಾಕ ನನಗೇನು ಹುಚ್ಚೇನು?" ದೇವಾನಂದ ಕಿರುಚಿದ. "ಖಾಲಿ ಹಾಸಿಗಿ ನೋಡೇ ಮುಚ್ಚೀನಿ!"

ಗೌಸಿಯಾಳ ಬಾತ ಕೆನ್ನೆ ಕಣ್ಣೆದುರಿಗಿದ್ದುದರಿಂದ ಜಹೀರುದ್ದೀನನಿಗೆ ಅವನ ಮೇಲೆ ಎಳ್ಳಷ್ಟೂ ಕನಿಕರ ಹುಟ್ಟಲಿಲ್ಲ. ತಕ್ಕ ಶಾಸ್ತಿಯಾಯಿತು ಎಂದೇ ಅನಿಸಿತು.

ದೇವಾನಂದ ಅಪ್ಪನ ಕಾಲು ಹಿಡಿಯಲು ಬಗ್ಗಿದ. ಪೀರಪ್ಪ ಕಾಲು ಹಿಂದಕ್ಕೆಳೆದುಕೊಂಡ.

"ನೀ ಮಣ್ಣಿಗಿ ಬರಬ್ಯಾಡ. ಮಗ ಎಲ್ಲಿ ಅಂತ ಯಾರರ ಕೇಳಿದ್ರ, ಆಕಿಗಿ ಮಕ್ಕಳೇ ಇದ್ದಿಲ್ಲ ಅಂತೇನಿ."