ಬೆಂಚಿನಿಂದ ಓಡಿದವಳು

ಬೆಂಚಿನ ತುದಿಯಲ್ಲಿ ಕುಳಿತು ಅವಳು ಟವೆಲ್‌ಗಳನ್ನು ಮಡಚುತ್ತಿದ್ದಳು. ಅಂಚಿಗೆ ಅಂಚು ಸೇರಿಸಿ. ಅಣ್ಣನ ಬ್ಯಾಸ್ಕೆಟ್‌ಬಾಲ್ ತಂಡದ ಬಟ್ಟೆ, ನೀರು, ಟವೆಲ್ ಎಲ್ಲ ಅವಳದೇ ಜವಾಬ್ದಾರಿ.

ಅಂಕಣದ ನಡುವೆ ನಿಂತಿದ್ದ ರೆಫರಿ ಒಮ್ಮೆ ಈ ಕಡೆ ನೋಡಿದ... ತಕ್ಷಣ ಕಣ್ಣು ತಿರುಗಿಸಿದ. ಅವಳು ಮಡಚಿದ್ದ ಟವೆಲ್ ಅನ್ನೇ ಬಿಚ್ಚಿ ಮತ್ತೆ ಮಡಚಿದಳು.

ಹೋದ ಭಾನುವಾರ ಅವನು ಮನೆಗೇ ಬಂದು, ಅವಳನ್ನು ಮದುವೆ ಮಾಡಿಕೊಡಿ ಎಂದು ಅಣ್ಣನನ್ನು ಕೇಳಿದ್ದ.

"ಸಿಳ್ಳೆ ಊದೋನಿಗೆ ನನ್ನ ತಂಗೀನ ಕೊಡಲ್ಲ," ಅಂದುಬಿಟ್ಟಿದ್ದ ಅಣ್ಣ.

ನಿನ್ನ ಮಾತೇನು ಎಂದು ಹೊರಡುವಾಗ ಬಾಗಿಲಲ್ಲಿ ರೆಫರಿ ಕೇಳಿದಾಗ, ಪಂದ್ಯ ಮುಗಿದ ಮೇಲೆ ಹೇಳ್ತೀನಿ ಎಂದಿದ್ದಳು.

ಈ ಪಂದ್ಯ ಅಣ್ಣನಿಗೆ ಜೀವ. ದೊಡ್ಡ ತಂಡದ ಆಯ್ಕೆಗಾರರು ಅವನ ಆಟ ನೋಡಲೆಂದೇ ಬಂದಿದ್ದರು.

ಆಟ ಬಿಸಿಯಾಗಿತ್ತು. ಚೆಂಡಿಗೆ ಜಿಗಿದಾಗ ಕಾಲು ಹೊರಳಿತೋ ಏನೋ, ಅಣ್ಣ ದಢಾರನೆ ಬಿದ್ದ!

ಸಿಳ್ಳೆ ಕೇಳಲಿಲ್ಲ.

"ಏನಪ್ಪಾ, ಸಿಳ್ಳೆ ನುಂಗಿಬಿಟ್ಯಾ?" ಬೆಂಚಿನಿಂದ ಯಾರೋ ಕೂಗಿದರು.

'ಊದಿ... ದಯವಿಟ್ಟು ಊದಿ!' ಶಾಲೆಯ ಆಟಗಳಲ್ಲಿ ಮಗು ಮುಗ್ಗರಿಸಿದರೂ ಊದುತ್ತಿದ್ದವನು ಇವನೇ ಅಲ್ಲವೇ?

ಎದುರಾಳಿಗಳು ಚೆಂಡನ್ನು ಬುಟ್ಟಿಗೆ ಹಾಕಿದ ಮೇಲೆ ಸಿಳ್ಳೆ ಕೂಗಿತು. ಅವಳು ಓಡಿಹೋಗಿ ಅಣ್ಣನ ಕಾಲು ಹಿಡಿದುಕೊಂಡಳು.

"ಏನಾಗಿಲ್ಲ, ಬಿಡೇ!" ಅಣ್ಣ ಕೊಸರಿಕೊಂಡು ಎದ್ದು ನಿಂತ. "ಆಡ್ತೀನಿ."

ರೆಫರಿ ತಲೆಯಾಡಿಸಿದ. "ಹೊರಗೆ ಹೋಗ್ಬೇಕು. ಬದಲಿ ಆಟಗಾರ ಬರಲಿ."

ಅಣ್ಣ ಹಲ್ಲು ಕಚ್ಚಿ ಬಂದು ಕುಳಿತ. ಅವನು ಮತ್ತೆ ಅಂಕಣಕ್ಕೆ ಇಳಿಯುವ ಮೊದಲೇ ಆಯ್ಕೆಗಾರರು ಎದ್ದು ಹೋದರು.

'ಸೇಡು ತೀರಿಸಿಕೊಂಡ...'

ಪಂದ್ಯ ಮುಗಿದ ಮೇಲೆ, ಬಟ್ಟೆ ಬದಲಿಸುವ ಕೋಣೆಯ ಹೊರಗೆ ಅವಳು ರೆಫರಿಯನ್ನು ಅಡ್ಡಗಟ್ಟಿದಳು. ಜನರೆದುರು ತಲೆ ಎತ್ತದವಳು ನೇರ ಅವನ ಮುಖ ನೋಡಿದಳು.

"ಅಣ್ಣ ಬೇಡ ಅಂದ ಅಂತ ಅವನ ಹೊಟ್ಟೆ ಮೇಲೆ ಹೊಡೆದ್ರಾ? ಬಿದ್ದಾಗ ಯಾಕೆ ಊದ್ಲಿಲ್ಲ?"

"ಶಾಲೆ ಆಟದಲ್ಲಿ ಮಕ್ಕಳು ಬಿದ್ರೆ ತಕ್ಷಣ ಊದ್ತೀನಿ. ಇಲ್ಲಿ ಚೆಂಡು ಎದುರಾಳಿ ಕೈಲಿದ್ರೆ ಅವರ ದಾಳಿ ಮುಗಿಯೋವರೆಗೂ ಕಾಯ್ಬೇಕು. ಅಪಾಯ ಇದ್ರೆ ಮಾತ್ರ ಮೊದಲೇ ನಿಲ್ಲಿಸೋದು."

"ಎದ್ದು ನಿಂತವನನ್ನ ಯಾಕೆ ಕಳಿಸಿದ್ರಿ?"

ಅವನು ಕೊರಳಿನ ಸಿಳ್ಳೆ ತೆಗೆದು ಜೇಬಿಗೆ ಹಾಕಿಕೊಂಡ.

"ಅವನು ಬಾಯಿ ಬಿಡಲ್ಲ. ನಾನು ಹೇಳ್ತೀನಿ ಕೇಳು." ಅಣ್ಣ ಕುಂಟುತ್ತ ಹೊರಗೆ ಬಂದಿದ್ದ. "ಬೆಂಚಿಂದ ಯಾರಾದ್ರೂ ಬಂದು ಆರೈಕೆ ಮಾಡಿದ್ರೆ ಆಟಗಾರ ಹೊರಗೆ ಹೋಗ್ಲೇಬೇಕು. ಶಾಲೇಲಿ ನೋಡಿದ್ರೂ ನೋಡದ ಹಾಗೆ ಬಿಡ್ತಾರೆ, ಇಲ್ಲಿ ಬಿಡಲ್ಲ. ಓಡಿ ಬಂದೋಳು ನೀನು."

ಅಣ್ಣನ ಅವಕಾಶ ಕಿತ್ತುಕೊಂಡದ್ದು... ತಾನೇ!

"ನೀವಾದ್ರೂ ಹೇಳ್ಬಾರದಿತ್ತಾ?" ಅವಳು ರೆಫರಿಯತ್ತ ತಿರುಗಿದಳು.

"ನಿನ್ನಿಂದ ಆಯ್ತು ಅಂತ ಯಾವ ಬಾಯಲ್ಲಿ ಹೇಳ್ಲಿ?" ಅವನು ಮೆಲ್ಲಗೆ ಅಂದ. "ಬೈಸ್ಕೊಳ್ಳೋದು ನನಗೆ ಅಭ್ಯಾಸ."

ಅವಳಿಗೆ ಕಣ್ಣೀರು ತಡೆಯಲಾಗಲಿಲ್ಲ.

"ಅವತ್ತು ಬಾಗಿಲಲ್ಲಿ ನನ್ನ ಮಾತೇನು ಅಂತ ಕೇಳಿದ್ರಲ್ಲ... ನಂಗೆ ಒಪ್ಪಿಗೆ."

"ಅಳ್ತಾ ಹೇಳ್ಬೇಕಾ, ಹುಚ್ಚಿ?" ಅವನ ಕಣ್ಣೂ ತುಂಬಿತ್ತು.

ಅಣ್ಣ ಬೆನ್ನು ತಿರುಗಿಸಿ, ಗೋಡೆ ಹಿಡಿದುಕೊಂಡು ಹೊರಟಿದ್ದ.

"ಅಣ್ಣಾ, ನಿಂತ್ಕೋ... ನನ್ನ ಭುಜ ಹಿಡ್ಕೊಂಡು ನಡಿ."